ಅಧ್ಯಕ್ಷರ ಯಜಮಾನರನ್ನು ಕಾಯಂ ಮಾಡಿ

ಛತ್ತೀಸ್‌ಗಢದ ಕಬೀರ್‌ಧಾಮ ಜಿಲ್ಲೆಯಲ್ಲಿ ಪರಸ್ವಾರಾ ಅಂತ ಒಂದು ಹಳ್ಳಿ. 2025ರ ಮಾರ್ಚ್‌ನಲ್ಲಿ ಅಲ್ಲಿ ಪಂಚಾಯಿತಿ ಸದಸ್ಯರ ಪ್ರಮಾಣವಚನ ನಡೆಯಿತು. ಗೆದ್ದವರಲ್ಲಿ ಆರು ಜನ ಹೆಂಗಸರು. ಪ್ರಮಾಣ ಮಾಡಿದ್ದು ಅವರ ಆರು ಜನ ಗಂಡಂದಿರು. ವಿಡಿಯೊ ದೇಶವೆಲ್ಲ ಸುತ್ತಿತು, ಪಂಚಾಯಿತಿ ಕಾರ್ಯದರ್ಶಿ ಅಮಾನತಾದರು.

ಪಾಪ, ಆ ಕಾರ್ಯದರ್ಶಿ ಮಾಡಿದ ತಪ್ಪಾದರೂ ಏನು? ಬೇರೆ ಕಡೆ ಪ್ರಮಾಣವಚನದ ಮಾರನೇ ದಿನ ಆಗುವುದನ್ನು ಒಂದು ದಿನ ಮುಂಚೆ ಮಾಡಿಸಿಬಿಟ್ಟರು. ಅಷ್ಟೇ.

ನಮ್ಮ ಕಡೆ ಇಂಥ ಅವಸರ ಇಲ್ಲ. ಪ್ರಮಾಣ ಅವರಿಂದಲೇ ಮಾಡಿಸುತ್ತೇವೆ. ಹಾರ, ಶಾಲು, ಫೋಟೊ ಎಲ್ಲ ಅವರಿಗೇ. ಆಮೇಲೆ ಒಂದಿನ ಮನೆ, ಸೈಟಿನ ಇ-ಸ್ವತ್ತು ದಾಖಲೆ ಕೆಲಸಕ್ಕೆ ಪಂಚಾಯಿತಿ ಆಫೀಸಿಗೆ ಹೋಗಿ ನೋಡಿ.

"ಅಧ್ಯಕ್ಷರು ಇದ್ದಾರಾ?"

"ಒಳಗೆ ಕೂತಿದ್ದಾರೆ, ಹೋಗಿ."

ಒಳಗೆ ಬಿಳಿ ಅಂಗಿ, ಎರಡು ಮೊಬೈಲು, ಎದುರಿಗೆ ಅರ್ಧ ಕುಡಿದ ಟೀ. "ಮೇಡಂ ಇಲ್ವಾ ಸಾರ್?" ಅಂದರೆ, "ಮೇಡಂ ಮನೇಲಿದ್ದಾರೆ. ಸಹಿ ತಾನೆ? ಮಾಡಿಸಿ ಕಳಿಸ್ತೀನಿ ಬಿಡಿ" ಅನ್ನುತ್ತಾರೆ. ಫೈಲು ಬೈಕಿನ ಟ್ಯಾಂಕ್ ಕವರಿನಲ್ಲಿ ಮನೆಗೆ ಹೋಗುತ್ತದೆ. ಮುದ್ದೆ ತಿರುವುತ್ತಿದ್ದ ಅಧ್ಯಕ್ಷೆ ಕೈ ಒರೆಸಿಕೊಂಡು, ತೋರಿಸಿದ ಕಡೆ ಸಹಿ ಹಾಕುತ್ತಾರೆ. ಈಗಂತೂ ಡಿಜಿಟಲ್ ಸಹಿ ಬಂದಿದೆ. ಅದರ ಪೆನ್‌ಡ್ರೈವಿನಂಥ ಡೋಂಗಲ್ ಯಜಮಾನರ ಜೇಬಿನಲ್ಲೇ ಇದ್ದರೆ ಅಷ್ಟು ಪೆಟ್ರೋಲೂ ಉಳಿಯಿತು. ಗೋಡೆಯ ಮೇಲೆ ಅಧ್ಯಕ್ಷೆಯ ಹೆಸರಿನ ಮುಂದೆ ಬರೆದಿರುವ ನಂಬರಿಗೆ ಫೋನ್ ಮಾಡಿ ನೋಡಿ, ಎತ್ತುವ ದನಿ ಯಾರದು ಅಂತ ನಾನು ಹೇಳಬೇಕಾಗಿಲ್ಲ.

ಈ ಪದ್ಧತಿಗೆ ಕಡಿವಾಣ ಹಾಕೋಕೆ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2023ರಲ್ಲಿ ಸಮಿತಿಯನ್ನೇ ಮಾಡಿತು. ಹೀಗೆ ಹೆಂಡತಿಯ ಕುರ್ಚಿಯಲ್ಲಿ ಕೂರುವವರಿಗೆ ಬಿಸಿ ಮುಟ್ಟುವಂಥ ದಂಡ ಹಾಕಿ ಅಂತ ಸಮಿತಿ ಹೇಳಿತು. ನನಗೆ ಒಪ್ಪಿಗೆ ಇಲ್ಲ. ಇಷ್ಟು ವರ್ಷ ಸಂಬಳ ಇಲ್ಲದೆ ದುಡಿದವರಿಗೆ ದಂಡವೇ? ಹುದ್ದೆಯನ್ನೇ ಕಾಯಂ ಮಾಡಿ. 'ಅಧ್ಯಕ್ಷರ ಯಜಮಾನರು' ಅಂತ ನಾಮಫಲಕ ಕೊಡಿ. ಪ್ರಯಾಣ ಭತ್ಯೆ ಕೊಡಿ. ಅರ್ಹತೆ ಏನೂ ಬೇಡ, ತಾಳಿ ಕಟ್ಟಿದ್ದರೆ ಸಾಕು. ಗಂಡ ತೀರಿಕೊಂಡಿದ್ದರೆ ಮೈದುನ. ಮೈದುನ ಇಲ್ಲದಿದ್ದರೆ ಮಗ, ಮೀಸೆ ಮೂಡಿದ್ದರಾಯಿತು. ಹೆಂಡತಿ ಒಂದು ಪಕ್ಷ, ಗಂಡ ಇನ್ನೊಂದು ಪಕ್ಷ ಆದರೆ ಪಕ್ಷಾಂತರ ನಿಷೇಧ ಕಾಯ್ದೆ ಯಾರಿಗೆ ಅನ್ವಯ ಅನ್ನೋದನ್ನು ಮಾತ್ರ ಈಗಲೇ ತೀರ್ಮಾನ ಮಾಡಿಕೊಳ್ಳಬೇಕು.

ತಾವೇ ಕೂತು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೈಲಿ ಪ್ರತಿ ಕಾಗದ ಓದಿಸಿ, ಬಿಲ್ಲು ಎಲ್ಲಿ ಜಾಸ್ತಿ ಆಗಿದೆ ಅಂತ ಕೇಳುವ ಅಧ್ಯಕ್ಷೆಯರು ಇಲ್ಲ ಅಂತಲ್ಲ. ಬೇಕಾದಷ್ಟು ಜನ ಇದ್ದಾರೆ. ದೇಶಕ್ಕೆಲ್ಲ 1993ರಲ್ಲಿ ಬಂದ ಪಂಚಾಯಿತಿಯ ಮಹಿಳಾ ಮೀಸಲಾತಿ ಕರ್ನಾಟಕದಲ್ಲಿ 1987ರ ಚುನಾವಣೆಯಲ್ಲೇ ಶೇ 25ರಷ್ಟಿತ್ತು, ಈಗ ಅರ್ಧಕ್ಕೆ ಬಂದಿದೆ. ಕಲಿಯೋಕೆ ಟೈಮ್ ಸಿಕ್ಕಿದೆ, ಕಲಿತಿದ್ದಾರೆ. ಅಂಥವರಿಗೆ ಊರಿನ ದೊಡ್ಡವರು ಕೊಡುವ ಬಹುಮಾನದ ಹೆಸರು ಅವಿಶ್ವಾಸ ನಿರ್ಣಯ.

ವಿಧಾನಸೌಧದಲ್ಲಿ ಈ ತಲೆನೋವೇ ಇಲ್ಲ. 2023ರ ಚುನಾವಣೆಯಲ್ಲಿ 224 ಸ್ಥಾನಕ್ಕೆ ಗೆದ್ದ ಹೆಂಗಸರು 10. ಇಷ್ಟು ಕಡಿಮೆ ಇದ್ದರೆ ಗಂಡಂದಿರಿಗೆ ಕೆಲಸ ಎಲ್ಲಿಂದ ಬರಬೇಕು? ಆಮೇಲೆ ರಚನೆಯಾದ 34 ಜನರ ಸಂಪುಟದಲ್ಲಿ ಒಬ್ಬರೇ ಮಹಿಳೆ. ಖಾತೆ ಯಾವುದು ಅಂತ ಊಹಿಸಿ ನೋಡೋಣ? ಸರಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ. ನೀರಾವರಿ ಕೊಟ್ಟರೆ ಅಣೆಕಟ್ಟು ಒಡೆದುಹೋಗುತ್ತೇನೋ.

ದಿಲ್ಲಿಯದು ಇನ್ನೂ ಚೆಂದ. ಶಾಸನಸಭೆಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಅನ್ನುವ ಮಸೂದೆ ಮೊದಲು ಮಂಡನೆಯಾದದ್ದು 1996ರಲ್ಲಿ, ನಮ್ಮ ದೇವೇಗೌಡರು ಪ್ರಧಾನಿಯಾಗಿದ್ದಾಗ. 2010ರಲ್ಲಿ ರಾಜ್ಯಸಭೆ ದಾಟಿತು, ಲೋಕಸಭೆಯ ಬಾಗಿಲಲ್ಲಿ ನಿಂತಿತು. ಕೊನೆಗೆ 2023ರಲ್ಲಿ ಲೋಕಸಭೆಯಲ್ಲಿ ಪರವಾಗಿ 454 ಮತ, ವಿರುದ್ಧ ಬರೀ 2. ಮೇಜು ಕುಟ್ಟಿದ್ದೇ ಕುಟ್ಟಿದ್ದು. ಜಾರಿ ಮಾತ್ರ ಜನಗಣತಿ ಆಗಿ, ಕ್ಷೇತ್ರ ಮರುವಿಂಗಡಣೆ ಆದಮೇಲೆ ಅಂತ ಅದೇ ಕಾನೂನಿನಲ್ಲಿ ಬರೆದರು. ಆಗಲಿ, ಕಾಯೋಣ. ಆದರೆ ಟಿಕೆಟ್ ಕೊಡೋಕೆ ಯಾವ ಗಣತಿ ಬೇಕಿತ್ತು? ಮರುವರ್ಷವೇ ಚುನಾವಣೆ ಬಂತು. 2019ರಲ್ಲಿ ಲೋಕಸಭೆಗೆ 78 ಮಹಿಳೆಯರು ಗೆದ್ದಿದ್ದರು, 2024ರಲ್ಲಿ 74. ಇಬ್ಬರನ್ನು ಬಿಟ್ಟು ಎಲ್ಲರೂ ಕೈ ಎತ್ತಿದ್ದರ ಫಲ ನೋಡಿ, ನಾಲ್ಕು ಕಡಿಮೆ.

ಇದೆಲ್ಲ ಗೊತ್ತಿದ್ದೂ, ಮಾರ್ಚ್ 8 ಬಂತು ಅಂದರೆ 'ಇಂದಿನ ರಾಜಕಾರಣದಲ್ಲಿ ಸ್ತ್ರೀವಾದ ಇನ್ನೂ ಪ್ರಸ್ತುತವೇ?' ಅಂತ ಎಲ್ಲಾದರೂ ಒಂದು ವಿಚಾರ ಸಂಕಿರಣ ಇದ್ದೇ ಇರುತ್ತದೆ. ಆಹ್ವಾನ ಪತ್ರಿಕೆ ತೆಗೆದು ಓದಿ. ಪ್ರಾರ್ಥನೆ, ಸ್ವಾಗತ, ನಿರೂಪಣೆ, ವಂದನಾರ್ಪಣೆ ಎಲ್ಲ ಮಹಿಳೆಯರಿಗೇ ಬಿಟ್ಟಿರುತ್ತಾರೆ. ಉದ್ಘಾಟನೆ, ಅಧ್ಯಕ್ಷತೆ, ಪ್ರಧಾನ ಭಾಷಣ ಅಂಥ ಸಣ್ಣಪುಟ್ಟ ಕೆಲಸ ಗಂಡಸರು ನೋಡಿಕೊಳ್ಳುತ್ತಾರೆ. ಅಲ್ಲಿ ಮುಖ್ಯ ಅತಿಥಿ ಮೈಕ್ ಸರಿ ಮಾಡಿಕೊಂಡು ಹೀಗೆ ಶುರು ಮಾಡುತ್ತಾರೆ:

"ಈಗ ಎಲ್ಲೀ ಅಸಮಾನತೆ ಸ್ವಾಮಿ? ನಮ್ಮನೇನೇ ತಗೊಳ್ಳಿ. ನಮ್ಮಾಕೆ ಎರಡನೇ ಸಲ ಅಧ್ಯಕ್ಷೆ. ಇವತ್ತು ಈ ವೇದಿಕೆಗೆ ಅವರೇ ಬರಬೇಕಿತ್ತು. ನಾನೇ ಬಂದಿದ್ದೀನಿ."