ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಮುಖ್ಯ ಶಿಕ್ಷಕರ ಕಾರ್ಯಶೈಲಿಯ ಪಾಲೆಷ್ಟು?

ಪರ

ಒಂದೇ ಹೋಬಳಿಯ ಎರಡು ಸರ್ಕಾರಿ ಪ್ರೌಢಶಾಲೆಗಳಲ್ಲಿ ಪಠ್ಯಪುಸ್ತಕ ಒಂದೇ, ಮಕ್ಕಳು ಬರುವ ಮನೆಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ಆದರೂ ಕಲಿಕೆಯಲ್ಲಿ ಅಂತರ ಕಂಡರೆ ಮೊದಲು ನೋಡಬೇಕಾದದ್ದು ಮುಖ್ಯ ಶಿಕ್ಷಕರ ಕೊಠಡಿಯನ್ನು. ಸುತ್ತೋಲೆಗೆ ಸಹಿ ಪಡೆಯುವುದೇ ಆಡಳಿತವೆಂದು ತಿಳಿದವರ ಶಾಲೆಯಲ್ಲಿ ಕಿರುಪರೀಕ್ಷೆಯ ಅಂಕಗಳು ವಹಿಯಲ್ಲೇ ಉಳಿಯುತ್ತವೆ. ಸಹೋದ್ಯೋಗಿಗಳೊಡನೆ ಕುಳಿತು ಆ ವಹಿಯನ್ನು ಓದುವವರ ಶಾಲೆಯಲ್ಲಿ, ಹತ್ತನೆಯ ತರಗತಿಯ ಹುಡುಗನೊಬ್ಬ ವರ್ಗ ಸಮೀಕರಣದಲ್ಲಿ ಎಡವುತ್ತಿರುವುದು ಸೂತ್ರ ಮರೆತು ಅಲ್ಲ, ಭಿನ್ನರಾಶಿ ಕೂಡಲು ಬಾರದೆ ಎಂಬುದು ಜುಲೈನಲ್ಲೇ ತಿಳಿಯುತ್ತದೆ. ಪೂರ್ವಸಿದ್ಧತಾ ಪರೀಕ್ಷೆಯ ತನಕ ಕಾಯಬೇಕಾಗುವುದಿಲ್ಲ. ಹೆದರಿಸಿ ಆಳುವವರೂ ಫಲಿತಾಂಶ ತರುತ್ತಾರೆಂಬ ಮಾತಿದೆ. ತರಬಹುದು, ಆದರೆ ಅಲ್ಲಿ ಶಿಕ್ಷಕರು ತಮ್ಮ ತರಗತಿಯ ಕೊರತೆಯನ್ನು ಮುಚ್ಚಿಡುವುದನ್ನು ಕಲಿಯುತ್ತಾರೆ, ಮಕ್ಕಳ ಪಾಲಿಗೆ ಬರುವುದು ‘ಪಾಸಿಂಗ್ ಪ್ಯಾಕೇಜ್’ ಎಂಬ ಸಿದ್ಧ ಪ್ರಶ್ನೋತ್ತರಗಳ ಕಟ್ಟು.

ವಿರೋಧ

2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89 ಇತ್ತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಆ ಹೆಚ್ಚುವರಿ ಕೃಪಾಂಕವಿಲ್ಲದೆ ನಡೆದ 2025ರ ಮೊದಲ ಪರೀಕ್ಷೆಯಲ್ಲಿ ಅದು ಶೇ. 62.34ಕ್ಕೆ ಬಂದು ನಿಂತಿತು. ಈ ಅವಧಿಯಲ್ಲಿ ರಾಜ್ಯದ ಮುಖ್ಯ ಶಿಕ್ಷಕರೆಲ್ಲ ಒಟ್ಟಿಗೆ ತಮ್ಮ ಕಾರ್ಯಶೈಲಿ ಕೆಡಿಸಿಕೊಂಡರೆಂದು ಯಾರೂ ಹೇಳಲಾರರು. ಬದಲಾದದ್ದು ಕೊಠಡಿಯೊಳಗಿನ ಕ್ಯಾಮೆರಾ ಮತ್ತು ಅಂಕದ ನಿಯಮ. ಅಳತೆಗೋಲೇ ಹೀಗೆ ಹಿಗ್ಗಿ ಕುಗ್ಗುತ್ತಿರುವಾಗ ಅದರಿಂದ ಒಬ್ಬರ ನಾಯಕತ್ವವನ್ನು ಅಳೆದು ನೋಟಿಸು ಕೊಡುವುದು ನ್ಯಾಯವಲ್ಲ.

ಮುಖ್ಯ ಶಿಕ್ಷಕರ ಕೈಯಲ್ಲಿರುವ ಅಧಿಕಾರವಾದರೂ ಎಷ್ಟು? ಗಣಿತದ ಹುದ್ದೆ ಖಾಲಿ ಬಿದ್ದರೆ ತುಂಬುವಂತಿಲ್ಲ, ಅತಿಥಿ ಶಿಕ್ಷಕರ ಮಂಜೂರಾತಿಗೆ ಕಾಯಬೇಕು. ಅಷ್ಟರಲ್ಲಿ ಹಾಲಿನ ಪುಡಿ, ಮೊಟ್ಟೆಗಳ ಲೆಕ್ಕ, ಆನ್‌ಲೈನ್‌ನಲ್ಲಿ ಮಾಹಿತಿ ತುಂಬುವ ಕೆಲಸ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಸಭೆ. (ಇದರ ನಡುವೆಯೂ ವಹಿ ಓದುವವರಿದ್ದಾರೆ, ಅವರ ಬಗ್ಗೆ ನನಗೆ ಗೌರವವೇ ಇದೆ.) ಭಿನ್ನರಾಶಿ ಬಾರದ ಆ ಹುಡುಗನನ್ನೇ ತೆಗೆದುಕೊಳ್ಳೋಣ: ಅವನ ಲೆಕ್ಕ ತಪ್ಪಿದ್ದು ಈ ಶಾಲೆಯಲ್ಲಲ್ಲ, ನಾಲ್ಕೈದು ವರ್ಷ ಹಿಂದೆ ಬೇರೊಂದು ಪ್ರಾಥಮಿಕ ಶಾಲೆಯಲ್ಲಿ. ಜುಲೈನಲ್ಲಿ ಗುರುತಿಸಿ ವಿಶೇಷ ತರಗತಿಗೆ ಕೂರಿಸಿದರೂ, ಕಬ್ಬಿನ ಕಟಾವು ಶುರುವಾದಾಗ ಅವನು ಅಪ್ಪ ಅಮ್ಮನ ಜೊತೆ ಗುಳೆ ಹೊರಟರೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತೇ ಸಾಲುಗಟ್ಟುತ್ತದೆ.