ಚಾರ್ಟಿನ ಮೇಲೆ ಮಿತಿಗೆರೆ ಬೇಕಾ?

ಪರ: ಗೆರೆ ಇದ್ದಿದ್ದರೆ ಇಬ್ಬರೂ ನಿದ್ದೆ ಮಾಡುತ್ತಿದ್ದೆವು

ಸರ್ವರ್ ಡ್ಯಾಶ್‌ಬೋರ್ಡ್ ಕಾಯುವುದು ನನ್ನ ಕೆಲಸ. ಒಂದು ರಾತ್ರಿ ಎರಡು ಗಂಟೆಗೆ ಡಿಸ್ಕ್ ಬಳಕೆಯ ಚಾರ್ಟು ತೆರೆದರೆ, ನೀಲಿ ಗೆರೆ ತಳದಿಂದ ಸೀದಾ ಏರಿ ಚೌಕಟ್ಟಿನ ತಲೆ ಮುಟ್ಟಿತ್ತು. ಎದೆ ಧಸಕ್ ಅಂತು. ಮಲಗಿದ್ದ ಸಹೋದ್ಯೋಗಿಗೆ ಫೋನ್ ಮಾಡಿ ಎಬ್ಬಿಸಿದೆ. ಅವರು ಲ್ಯಾಪ್‌ಟಾಪ್ ತೆಗೆದು ನೋಡಿ ಕೇಳಿದ್ದು ಒಂದೇ ಮಾತು: "ಎಡಗಡೆ ಅಂಕಿ ನೋಡಿದ್ರಾ?" 41ರಿಂದ 43 ಪರ್ಸೆಂಟ್! ಚಾರ್ಟು ತಾನೇ ಸ್ಕೇಲ್ ಹೊಂದಿಸಿಕೊಂಡು ಎರಡು ಪರ್ಸೆಂಟನ್ನು ಬೆಟ್ಟ ಮಾಡಿ ಕೂರಿಸಿತ್ತು. "ಇದನ್ನು ದಾಟಿದರೆ ಅಪಾಯ" ಅನ್ನುವ ಒಂದು ಕೆಂಪು ಗೆರೆ 85ರಲ್ಲಿ ಕಂಡಿದ್ದರೆ ಗಾಬರಿಯೇ ಆಗುತ್ತಿರಲಿಲ್ಲ. ಅವರು ಇವತ್ತಿಗೂ ಇದನ್ನು ಆಡಿಕೊಂಡು ನಗುತ್ತಾರೆ.

"ಕಂಡಿದ್ದರೆ" ಅಂದೆ, ಬೇಕಂತಲೇ. ಸುಮ್ನೆ ಗೆರೆ ಎಳೆದರೆ ಸಾಲದು. ಚಾರ್ಟ್ ಬಿಡಿಸುವ ಹೈಚಾರ್ಟ್ಸ್ ಸಾಫ್ಟ್‌ವೇರಿನಲ್ಲಿ ಪ್ಲಾಟ್‌ಲೈನ್, ಅಂದರೆ ಒಂದು ಅಂಕಿಯ ಮೇಲೆ ಎಳೆಯುವ ಗೆರೆ, ಹಾಕಿದ ಮಾತ್ರಕ್ಕೆ ಅಕ್ಷ ಅಲ್ಲಿವರೆಗೆ ಹಿಗ್ಗುವುದಿಲ್ಲ, ಡೇಟಾ 43ಕ್ಕೇ ನಿಂತರೆ 85ರ ಗೆರೆ ಚೌಕಟ್ಟಿನ ಆಚೆ ಉಳಿದುಬಿಡುತ್ತದೆ. ಸಾಫ್ಟ್‌ಮ್ಯಾಕ್ಸ್ 90 (ಅಕ್ಷ ಕನಿಷ್ಠ 90ರವರೆಗಾದರೂ ಇರಲಿ) ಅಂತ ಒಂದು ಸಾಲು ಸೇರಿಸಿ, ಕಾಣುತ್ತದೆ. ಬರೀ ಕೆಂಪು ಬಣ್ಣ ನೆಚ್ಚಿಕೊಳ್ಳಬೇಡಿ, ಕೆಂಪು-ಹಸಿರು ಗುರುತಿಸಲಾಗದವರೂ ನೋಡುತ್ತಾರೆ. ಗೆರೆಯ ಪಕ್ಕ ಹೆಸರು ಬರೆಯಿರಿ.

ಇದೇನು ಹೊಸ ಶೋಕಿಯಲ್ಲ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೂಹಾರ್ಟ್ 1924ರಲ್ಲೇ, ಕಾರ್ಖಾನೆಯ ಗುಣಮಟ್ಟದ ಮೇಲೆ ಕಣ್ಣಿಡುವ ಕಂಟ್ರೋಲ್ ಚಾರ್ಟಿಗೆ ಮಿತಿಗೆರೆ ಎಳೆದು, ಯಾವ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಕು, ಯಾವುದಕ್ಕೆ ಬೇಡ ಅಂತ ತೋರಿಸಿದ್ದರು. ಗೆರೆ ಎಳೆದರೆ ಓದುಗರ ಪರವಾಗಿ ನಾವೇ ತೀರ್ಪು ಕೊಟ್ಟ ಹಾಗೆ ಅಂತ ಕೆಲವರ ಗೋಳು. ಹಾಗಾದರೆ ಅಕ್ಷವನ್ನೂ ಅಳಿಸಿಬಿಡಿ, ಶೀರ್ಷಿಕೆಯನ್ನೂ ಅಳಿಸಿಬಿಡಿ, ಖಾಲಿ ಹಾಳೆ ಕೊಟ್ಟು ಬಿಡಿ!

ವಿರೋಧ: ಆ ಅಂಕಿ ಯಾವ ಕಾಲದ್ದು?

ವಿರೋಧ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ನಾನು ಮಾಡಿದ ಚಾರ್ಟುಗಳಲ್ಲೂ ಗೆರೆ ಇವೆ, ಅದು ಬೇರೆ ವಿಷಯ.

ಶೂಹಾರ್ಟ್ ಹೆಸರು ಬರುತ್ತದೆ ಅಂತ ಗೊತ್ತಿತ್ತು. ಅವರ ಗೆರೆ ಡೇಟಾದಿಂದಲೇ ಲೆಕ್ಕ ಹಾಕಿ ತೆಗೆದದ್ದು. ನಮ್ಮ ಗೆರೆ ಎಷ್ಟೋ ಸಲ ಯಾರೋ ಮೀಟಿಂಗಿನಲ್ಲಿ "85 ಇಡೋಣ" ಅಂದದ್ದು.

ಪಕ್ಕಾ ಅಂಕಿಯೂ ಜಾಗ ಬದಲಿಸುತ್ತದೆ. ಗಾಳಿಯಲ್ಲಿರುವ ಪಿಎಂ 2.5 ಅನ್ನುವ ತೀರಾ ಸಣ್ಣ ಮಾಲಿನ್ಯ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೇಳಿದ ವಾರ್ಷಿಕ ಸರಾಸರಿ ಮಿತಿ ಘನ ಮೀಟರಿಗೆ 10 ಮೈಕ್ರೋಗ್ರಾಂ. 2021ರಲ್ಲಿ ಅದು 5 ಆಯಿತು. ಈಗ 5ರಲ್ಲಿ ಒಂದು ಗೆರೆ ಎಳೆದು 2010ರಿಂದ ಡೇಟಾ ತೋರಿಸಿದರೆ, ಆಗ 8 ಇದ್ದ ಊರೂ ಮಿತಿ ಮೀರಿದ ಹಾಗೆ ಕಾಣುತ್ತದೆ. ವರ್ಷಕ್ಕೆ ತಕ್ಕಂತೆ ಮೆಟ್ಟಿಲಾಗಿ ಎಳೆಯಬಹುದು ಅನ್ನುತ್ತೀರಿ. ಎಳೆಯಬಹುದು. ಎಳೆದವರನ್ನು ನಾನಂತೂ ಕಂಡಿಲ್ಲ.

ಅದೇ ಚಾರ್ಟಿನಲ್ಲಿ "ದಿನವಾರು" ಬಟನ್ ಒತ್ತಿ. ಡೇಟಾ ಬದಲಾಗುತ್ತದೆ, ಗೆರೆ ಮಾತ್ರ 5ರಲ್ಲೇ ಕೂತಿರುತ್ತದೆ. 24 ಗಂಟೆಯ ಮಿತಿ 15, ಬೇರೆಯೇ ಲೆಕ್ಕ! ಕಾಗದದ ಚಾರ್ಟಿನಲ್ಲಿ ಈ ತಪ್ಪಿಗೆ ಜಾಗವೇ ಇಲ್ಲ, ಅಲ್ವಾ?

ನಾನು ಕೇಳುವುದು ಇಷ್ಟೇ. ಗೆರೆಗೆ ಒಂದು ಬಟನ್ ಕೊಡಿ, ಮೊದಲಿಗೆ ಅದು ಆಫ್ ಆಗಿರಲಿ. ಇದು ವಿರೋಧ ಹೌದೋ ಅಲ್ಲವೋ, ಕೇಳಿದವರೇ ಹೇಳಬೇಕು.