ಮ್ಯಾಂಚೆಸ್ಟರ್‌ನ ಗಿರಣಿ ಕಥೆಯಲ್ಲಿ ಧಾರವಾಡದ ಹತ್ತಿ ಎಲ್ಲಿ ಹೋಯ್ತು?

ಮ್ಯಾಂಚೆಸ್ಟರ್‌ಗೆ ಹೋದ ನಮ್ಮವರು ಜಾಸ್ತಿ ನೋಡಿ ಬರುವುದು ಫುಟ್‌ಬಾಲ್ ಸ್ಟೇಡಿಯಂ. ನೋಡಲಿ, ಬೇಡ ಅನ್ನುವುದಿಲ್ಲ. ಆದರೆ ಅದರ ಜೊತೆಗೆ ಅರ್ಧ ದಿನ ಬಿಡುವು ಮಾಡಿಕೊಂಡು, ಇಯರ್‌ಫೋನ್ ಹಾಕಿಕೊಂಡು, ಹಳೆಯ ಹತ್ತಿ ಗಿರಣಿಗಳಿರುವ ಆಂಕೋಟ್ಸ್ ಬಡಾವಣೆಯ ಬೀದಿಗಳಲ್ಲಿ ಒಬ್ಬರೇ ನಡೆಯಿರಿ. ಗೈಡ್ ಬೇಡ, ಗುಂಪು ಬೇಡ. ಫೋನಿನಲ್ಲಿ ಒಂದು ಆಡಿಯೊ ವಾಕ್ ಇದ್ದರೆ ಸಾಕು. ನೀವು ಯಾವ ಮೂಲೆಗೆ ಬಂದಿದ್ದೀರಿ ಅಂತ ಅದಕ್ಕೇ ಗೊತ್ತಾಗುತ್ತದೆ, ಆ ಮೂಲೆಯ ಕಥೆ ಶುರುವಾಗುತ್ತದೆ.

ದೇವಸ್ಥಾನ, ಅರಮನೆಗಳಲ್ಲಿ ಕಣ್ಣಿಗೆ ಕೆಲಸ ಇದೆ. ಕೆತ್ತನೆ ಇರುತ್ತದೆ, ಸಿಂಹಾಸನ ಇರುತ್ತದೆ. ಗಿರಣಿಯ ಊರಿನಲ್ಲಿ ಇರುವುದು ಕೆಂಪು ಇಟ್ಟಿಗೆಯ ಗೋಡೆ, ಸಾಲು ಕಿಟಕಿ, ಕಪ್ಪು ನೀರಿನ ಕಾಲುವೆ. ಯಾರಾದರೂ ಹೇಳದಿದ್ದರೆ ಅಲ್ಲಿ ಏನೂ ಕಾಣುವುದಿಲ್ಲ.

ರೋಚ್‌ಡೇಲ್ ಕಾಲುವೆಯ ಪಕ್ಕ ರೆಡ್‌ಹಿಲ್ ಸ್ಟ್ರೀಟ್‌ನಲ್ಲಿ ಮರೀಸ್ ಮಿಲ್ಸ್ ಇದೆ. 1798ರಲ್ಲಿ ಕಟ್ಟಲು ಶುರು ಮಾಡಿದ್ದು. ಉಗಿಯಿಂದ ನಡೆಯುತ್ತಿದ್ದ ನೂಲಿನ ಗಿರಣಿ, ಈಗ ಅಪಾರ್ಟ್‌ಮೆಂಟ್. ಅದರ ಮುಂದೆ ನಿಂತಾಗ ಕಿವಿಯಲ್ಲಿ ಯಂತ್ರಗಳ ಸದ್ದು ಏಳುತ್ತದೆ. ನೂಲು ತುಂಡಾಗಬಾರದು ಅಂತ ಒಳಗೆ ಸದಾ ಬಿಸಿ, ಸದಾ ತೇವ. ಗಾಳಿ ತುಂಬಾ ಹತ್ತಿಯ ಧೂಳು. ಬಿದ್ದ ಹತ್ತಿ ಹೆಕ್ಕಲು ಚಿಕ್ಕ ಮಕ್ಕಳು ಓಡುತ್ತಿರುವ ಯಂತ್ರದ ಕೆಳಗೇ ನುಸುಳಬೇಕಿತ್ತು. ಒಂಬತ್ತು ವರ್ಷದೊಳಗಿನವರನ್ನು ಬಟ್ಟೆ ಗಿರಣಿಗೆ ಸೇರಿಸಬಾರದು ಅಂತ ಕಟ್ಟುನಿಟ್ಟಿನ ಕಾನೂನು ಬಂದದ್ದು 1833ರಲ್ಲಿ. ಅಂದರೆ ಹತ್ತು ವರ್ಷದ ಮಗು ಆಮೇಲೂ ದುಡಿಯಬಹುದಿತ್ತು! ಮ್ಯಾಂಚೆಸ್ಟರ್ ಸುತ್ತಲಿನ ಲ್ಯಾಂಕಶೈರ್‌ನ ನೇಯ್ಗೆ ಶೆಡ್‌ಗಳಲ್ಲಂತೂ ಮಗ್ಗಗಳ ಗದ್ದಲಕ್ಕೆ ಮಾತೇ ಕೇಳುತ್ತಿರಲಿಲ್ಲ. ಹೆಂಗಸರು ಬಾಯಿಯ ಚಲನೆ ನೋಡಿಯೇ ಮಾತಾಡಿಕೊಳ್ಳುತ್ತಿದ್ದರು. ಇದನ್ನು ಪುಸ್ತಕದಲ್ಲೂ ಓದಬಹುದು. ಆದರೆ ಆ ಗೋಡೆಯ ಪಕ್ಕದಲ್ಲೇ ನಿಂತು ಕೇಳಿದರೆ ಹೊಟ್ಟೆಗೆ ತಾಗುತ್ತದೆ.

ಊರಿನ ನಡುವೆ ಪೀಟರ್‌ಲೂ ಹತ್ಯಾಕಾಂಡ ನಡೆದ ಜಾಗ ಇದೆ. 1819ರ ಆಗಸ್ಟ್ 16ರಂದು ಓಟಿನ ಹಕ್ಕು ಕೇಳಲು ಸುಮಾರು 60,000 ಜನ ಸೇರಿದ್ದರು. ಅವರ ಮೇಲೆ ಕುದುರೆ ಸವಾರರು ಕತ್ತಿ ಹಿಡಿದು ನುಗ್ಗಿದರು. ಕನಿಷ್ಠ 15 ಮಂದಿ ಸತ್ತರು, ನೂರಾರು ಜನ ಗಾಯಗೊಂಡರು. ಸರಿಯಾದ ಸ್ಮಾರಕ ಬರಲು 2019ರವರೆಗೆ ಕಾಯಬೇಕಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಲಿಂಕನ್ ಪ್ರತಿಮೆ. ಅಮೆರಿಕದ ಅಧ್ಯಕ್ಷರಿಗೆ ಮ್ಯಾಂಚೆಸ್ಟರ್‌ನಲ್ಲಿ ಏನು ಕೆಲಸ? 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು, ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು. ಗುಲಾಮರು ಬೆಳೆದ ಹತ್ತಿ ಬರುವುದು ನಿಂತಿತು. ಲ್ಯಾಂಕಶೈರ್‌ನ ಗಿರಣಿಗಳು ಸಾಲಾಗಿ ನಿಂತವು, ಲಕ್ಷಾಂತರ ಮಂದಿಗೆ ಕೂಲಿ ಹೋಯಿತು. ಹೀಗಿದ್ದರೂ 1862ರ ಡಿಸೆಂಬರ್ 31ರಂದು ಫ್ರೀ ಟ್ರೇಡ್ ಹಾಲ್‌ನಲ್ಲಿ ಸೇರಿದ ಕೆಲಸಗಾರರು, ಗುಲಾಮಗಿರಿಯ ವಿರುದ್ಧ ನಾವು ಲಿಂಕನ್ ಜೊತೆಗಿದ್ದೇವೆ ಅಂದರು. ಮುಂದಿನ ತಿಂಗಳು ಲಿಂಕನ್ ಅವರಿಗೆ ಉತ್ತರ ಬರೆದರು. ಒಲೆ ಹಚ್ಚಲು ಗತಿಯಿಲ್ಲದ ಹೊತ್ತಿನಲ್ಲಿ, ಕಂಡೇ ಇರದ ಜನರಿಗಾಗಿ ನಿಲ್ಲುವುದು ಸಣ್ಣ ಮಾತಲ್ಲ.

ಆದರೆ ನಾನು ಕೇಳಿದ ಆಡಿಯೊ ಅಲ್ಲಿಂದ ಮುಂದಿನ ಬೀದಿಗೆ ಹೋಗಿಬಿಟ್ಟಿತು. ನನಗೆ ನಿಜಕ್ಕೂ ಬೇಜಾರಾಯಿತು. ಅಮೆರಿಕದ ಹತ್ತಿ ನಿಂತಾಗ ಗಿರಣಿ ಮಾಲೀಕರು ಕಣ್ಣು ಹಾಕಿದ್ದು ಎಲ್ಲಿಗೆ? ಈಜಿಪ್ಟ್‌ಗೆ, ಭಾರತಕ್ಕೆ. ನಮ್ಮ ಧಾರವಾಡದ ಎರೆಭೂಮಿಗೆ ಕೂಡ. ಆ ಭೂಮಿಯ ಮೇಲೆ ಮೊದಲೇ ಪ್ರಯೋಗ ನಡೆದಿತ್ತು. 1840ರ ದಶಕದಲ್ಲೇ ಈಸ್ಟ್ ಇಂಡಿಯಾ ಕಂಪನಿ ಅಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿತ್ತು. ಅದು ಚೆನ್ನಾಗಿ ಹಿಡಿಯಿತು. ಆ ಹತ್ತಿಗೆ ವ್ಯಾಪಾರಿಗಳು ‘ಧಾರವಾರ್ ಅಮೆರಿಕನ್’ ಅಂತಲೇ ಹೆಸರಿಟ್ಟರು. ಅಮೆರಿಕ ಬಿಟ್ಟು ಬೇರೆ ಕಡೆಯಿಂದ ಹತ್ತಿ ತರಿಸಲು ಮ್ಯಾಂಚೆಸ್ಟರ್‌ನಲ್ಲಿ 1857ರಲ್ಲಿ ಒಂದು ಸಂಘವೇ ಹುಟ್ಟಿತ್ತು. ಹತ್ತಿ ಸಾಗಿಸಲು ಕಾರವಾರ ಬಂದರು ಬೇಕು ಅನ್ನುವ ಒತ್ತಾಯ ಜೋರಾಗಿತ್ತು. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಈ ಹತ್ತಿಯ ಲೆಕ್ಕಾಚಾರವೂ ಇತ್ತು. ಯುದ್ಧದ ವರ್ಷಗಳಲ್ಲಿ ಬೆಲೆ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ನೆಲಕ್ಕೆ ಬಿತ್ತು.

ಗಿರಣಿಯ ಮಗುವಿನ ಕಥೆಯನ್ನು ಅಷ್ಟು ಪ್ರೀತಿಯಿಂದ ಹೇಳಿದವರು ಇದನ್ನೂ ಹೇಳಬೇಕಿತ್ತು, ಅಲ್ವಾ? ನಮ್ಮ ಹತ್ತಿ ಅಲ್ಲಿಗೆ ಹೋಯಿತು, ಅಲ್ಲಿನ ಅಗ್ಗದ ಬಟ್ಟೆ ನಮ್ಮ ಸಂತೆಗೆ ಬಂತು, ಮನೆಯಲ್ಲಿ ನೂಲುತ್ತಿದ್ದ ನಮ್ಮ ಹೆಂಗಸರ ದುಡಿಮೆ ಹೋಯಿತು. ಮ್ಯಾಂಚೆಸ್ಟರ್ ಚರಿತ್ರೆ ಅಂದರೆ ಇಷ್ಟೂ ಸೇರಬೇಕು. ಆಡಿಯೊದಲ್ಲಿ ಇದನ್ನು ಸೇರಿಸುವುದು ಕಷ್ಟವೂ ಅಲ್ಲ. ಕಲ್ಲಿನ ಫಲಕ ನೆಡಬೇಕಿಲ್ಲ, ಅನುಮತಿಗೆ ಅಲೆಯಬೇಕಿಲ್ಲ. ಹಳೆಯ ಹತ್ತಿ ವಿನಿಮಯ ಕೇಂದ್ರ ರಾಯಲ್ ಎಕ್ಸ್‌ಚೇಂಜ್ ಈಗ ನಾಟಕಶಾಲೆ. 1968ರ ಕೊನೆಯ ದಿನದ ವಹಿವಾಟಿನ ಅಂಕಿಗಳು ಅಲ್ಲಿನ ಬೋರ್ಡಿನ ಮೇಲೆ ಇಂದಿಗೂ ಇವೆ. ಆ ಬೋರ್ಡಿನ ಕೆಳಗೆ ನಿಂತವರಿಗೆ ಧಾರವಾಡದ ಕಥೆ ಕನ್ನಡದಲ್ಲೇ ಕೇಳಿಸಬೇಕು. ಅಲ್ಲಿರುವ ಕನ್ನಡದ ಗೆಳೆಯರು ಮನಸ್ಸು ಮಾಡಿದರೆ ಆಗುತ್ತದೆ.

ಇನ್ನು ನಮ್ಮ ಊರುಗಳು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆದೆವು. ಗಿರಣಿಗಳು ಮುಚ್ಚಿದವು, ಈಗ ಹೊರಗಿನವರಿಗೆ ಅದು ಬೆಣ್ಣೆ ದೋಸೆಯ ಊರು. ಕೆಜಿಎಫ್‌ಗೆ ಶಿವನಸಮುದ್ರದಿಂದ 1902ರಲ್ಲೇ ಕರೆಂಟ್ ಬಂದಿತ್ತು, 2001ರಲ್ಲಿ ಗಣಿ ನಿಂತಿತು. ಮ್ಯಾಂಚೆಸ್ಟರ್‌ನ ಆ ಕಾಲದ ಕೆಲಸಗಾರರ ದನಿ ಯಾರಿಗೂ ಸಿಗುವುದಿಲ್ಲ, ನಟರೇ ಓದಬೇಕು. ನಮ್ಮಲ್ಲಿ ದುಡಿದವರು ಇನ್ನೂ ಇದ್ದಾರೆ, ಆದರೆ ಅವರಿಗೆ ವಯಸ್ಸಾಗುತ್ತಿದೆ. ದಾವಣಗೆರೆಯ ಗಿರಣಿಯಲ್ಲಿ ಪಾಳಿ ಮಾಡಿದ ಹಿರಿಯರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ ಈ ವಾರವೇ ಹೋಗಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಯಾವ ಗೇಟಿನಿಂದ ಒಳಗೆ ಹೋಗುತ್ತಿದ್ದರು, ಸೈರನ್ ಎಷ್ಟು ಹೊತ್ತಿಗೆ ಆಗುತ್ತಿತ್ತು, ಬುತ್ತಿ ಏನಿರುತ್ತಿತ್ತು, ಮುಷ್ಕರದಲ್ಲಿ ಮನೆ ಹೇಗೆ ನಡೆಯಿತು, ಎಲ್ಲ ಕೇಳಿ. ಅವರ ಒಪ್ಪಿಗೆ ಪಡೆದು ನನಗೆ ಕಳಿಸಿ. ಎಡಿಟ್ ಮಾಡಿ, ನಮ್ಮ ಊರಿಗೂ ಇಂಥದ್ದೇ ಆಡಿಯೊ ವಾಕ್ ಆಗುವಂತೆ ಮ್ಯಾಪಿಗೆ ಜೋಡಿಸುವ ಕೆಲಸ ನಾನು ಮಾಡುತ್ತೇನೆ.